ಗೋಹರ್ ಬರುವ ಮೊದಲೇ ಸಾಲ ಬಂದಿತ್ತು

ಪ್ರಶ್ನೆ: ಬಾಲಗಂಧರ್ವರ ಮೇಲೆ ಬಂದ ಮರಾಠಿ ಸಿನಿಮಾವನ್ನು ಈಚೆಗೆ ಮನೆಮಂದಿಯೆಲ್ಲ ಕೂತು ನೋಡಿದೆವು. ಮರುದಿನ ಮದುವೆಮನೆಯೊಂದರಲ್ಲಿ ಆ ಮಾತು ಬಂದಾಗ ಹಿರಿಯರೊಬ್ಬರು, 'ಅಂಥ ದೊಡ್ಡ ನಟನನ್ನು ನಮ್ಮ ಬಿಜಾಪುರ ಕಡೆಯ ಗೋಹರ್ ಎಂಬ ಹೆಂಗಸು ಹಾಳುಮಾಡಿದಳು, ಕಂಪನಿ ಮುಳುಗಿಸಿದಳು, ಜಾತಿ ಕೆಡಿಸಿದಳು' ಎಂದರು. ಇನ್ನೊಬ್ಬರು, 'ಹೆಣ್ಣುವೇಷ ಹಾಕಿ ಹಾಕಿ ಆತ ಮನೆಯಲ್ಲೂ ಹೆಂಗಸಿನ ಹಾಗೇ ಇರುತ್ತಿದ್ದನಂತೆ' ಎಂದು ನಕ್ಕರು. ಇದರಲ್ಲಿ ಎಷ್ಟು ನಿಜ? ಕೊಡಗಿನವರಾದ ನಮಗೆ ಆ ಕಾಲದ ಕಂಪನಿ ನಾಟಕದ ಪರಿಚಯ ಕಡಿಮೆ.
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಪರಿಚಯ ಕಡಿಮೆ ಎಂದು ನೀವು ಸಂಕೋಚಪಡಬೇಕಿಲ್ಲ. ಮುಂದೆ ಬಾಲಗಂಧರ್ವರೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹದಿನೇಳರ ಹುಡುಗ 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದ. ಮರುವರ್ಷವೇ, 1906ರಲ್ಲಿ, ನಿಮ್ಮ ಹರದಾಸ ಅಪ್ಪಚ್ಚಕವಿ ಕೊಡವ ತಕ್ಕಿನ ಮೊದಲ ನಾಟಕ 'ಯಯಾತಿ ರಾಜಂಡ ನಾಟಕ'ವನ್ನು ಬರೆದರು. ಹಾಗೆ ನೋಡಿದರೆ ಇಬ್ಬರೂ ಒಂದೇ ಗಾಳಿಯಲ್ಲಿ ಬೆಳೆದವರು. ಅಪ್ಪಚ್ಚಕವಿಯ ಮಾತು ಬಂದಾಗ ಕೊಡಗಿನಲ್ಲಿ ಯಾರಾದರೂ ಅವರ ಮನೆಯ ಜಗಳದಿಂದ ಶುರುಮಾಡುತ್ತಾರೆಯೇ? ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂದು ನಾಟಕಗಳ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಬಾಲಗಂಧರ್ವರಿಗೆ ಆ ಭಾಗ್ಯ ಸಿಗಲಿಲ್ಲ. ಅವರ ಹೆಸರೆತ್ತಿದರೆ ಎರಡನೆಯ ವಾಕ್ಯಕ್ಕೇ ಗೋಹರ್ ಬರುತ್ತಾಳೆ, ಮೂರನೆಯದಕ್ಕೆ ಛೆ ಛೆ ಬರುತ್ತದೆ.

ನಿಮ್ಮ ಹಿರಿಯರು ಹೇಳಿದ ಮೂರು ಮಾತುಗಳಲ್ಲಿ ಕಂಪನಿ ಮುಳುಗಿಸಿದಳು ಎಂಬುದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದನ್ನು ಇಸವಿಗಳೇ ಸುಳ್ಳಾಗಿಸುತ್ತವೆ.

ಬಾಲಗಂಧರ್ವರು ಗಣಪತರಾವ್ ಬೋಡಸ್ ಮತ್ತು ಗೋವಿಂದರಾವ್ ಟೆಂಬೆಯವರ ಜೊತೆ ಸೇರಿ ಗಂಧರ್ವ ನಾಟಕ ಮಂಡಳಿ ಕಟ್ಟಿದ್ದು 1913ರಲ್ಲಿ. ಮೊದಲ ಕೆಲವು ವರ್ಷ ಹಣ ಹೊಳೆಯಂತೆ ಬಂತು. ಟೆಂಬೆ ಬಿಟ್ಟರು, ಆಮೇಲೆ ಬೋಡಸ್ ಬಿಟ್ಟರು. ಲೆಕ್ಕ ಬಲ್ಲ ಇಬ್ಬರೂ ಹೋದ ಮೇಲೆ ಉಳಿದವರು ಲೆಕ್ಕವೆಂದರೆ ಬೇಸರಪಡುವ ಒಬ್ಬ ಕಲಾವಿದ. ರಂಗದ ಮೇಲೆ ಅರಮನೆ ತೋರಿಸಬೇಕಾದರೆ ಅಸಲಿ ರತ್ನಗಂಬಳಿಯೇ ಬೇಕು. ನಾಯಕಿ ಉಡುವುದು ನಿಜವಾದ ಜರಿಸೀರೆಯೇ ಆಗಬೇಕು. ಪ್ರೇಕ್ಷಕರ ಮೇಲೆ ಚಿಮುಕಿಸುವ ಅತ್ತರು ಕೂಡ ಅಗ್ಗದ್ದಾಗಬಾರದು. ತಬಲಾಕ್ಕೆ ಅಹಮದ್ ಜಾನ್ ತಿರಕ್ವಾ, ಸಾರಂಗಿಗೆ ಕಾದರ್ ಬಕ್ಷ್. ಇವರಂಥವರನ್ನು ಒಂದು ಸಂಜೆಯ ಕಛೇರಿಗೆ ಕರೆಸುವುದೇ ಸಂಸ್ಥಾನಿಕರಿಗೆ ದೊಡ್ಡ ಮಾತಾಗಿದ್ದಾಗ, ಇಲ್ಲಿ ಅವರು ತಿಂಗಳ ಸಂಬಳದ ಮೇಲೆ ನಾಟಕ ಕಂಪನಿಯಲ್ಲಿದ್ದರು. ಊಟದ ಪಂಕ್ತಿಯೂ ಅದೇ ದರ್ಜೆಯದು. 1921ರ ಹೊತ್ತಿಗೆ ಸಾಲ ಲಕ್ಷ ರೂಪಾಯಿ ದಾಟಿತ್ತು. ಆ ಕಾಲದ ಲಕ್ಷ!

ಅಭಿಮಾನಿಗಳು ಹಣ ಒಟ್ಟುಮಾಡಿ ಕೊಡಲು ಮುಂದೆ ಬಂದರು. ಬಾಲಗಂಧರ್ವರು ಒಪ್ಪಲಿಲ್ಲ. ನಾಟಕ ಆಡಿಯೇ ತೀರಿಸುತ್ತೇನೆಂಬ ಹಟ ಅವರದು. ಇಪ್ಪತ್ತರ ದಶಕವೆಲ್ಲ ಊರೂರು ತಿರುಗಿ ಆಡಿದರು, ಸಾಲವನ್ನೂ ತೀರಿಸಿದರು. ಮತ್ತೆ ಅದೇ ಗಂಬಳಿ, ಅದೇ ಅತ್ತರು, ಮತ್ತೆ ಸಾಲ. ಅಷ್ಟರಲ್ಲಿ 1931ರಲ್ಲಿ ಮಾತಾಡುವ ಸಿನಿಮಾ ಬಂತು. ಆಮೇಲಿನದು ಎಲ್ಲ ಕಂಪನಿಗಳ ಕಥೆ. ಮರಾಠಿಯವೇನು, ಕನ್ನಡದ ಕಂಪನಿಗಳೂ ಆ ಹೊಡೆತಕ್ಕೆ ಒಂದೊಂದಾಗಿ ಡೇರೆ ಮಡಚಿದವು. ಗುಬ್ಬಿ ವೀರಣ್ಣನವರಂಥ ಜಾಣರು ತಾವೇ ಸಿನಿಮಾಕ್ಕೆ ಕೈಹಾಕಿ, ಚಿತ್ರಮಂದಿರ ಕಟ್ಟಿ ಉಳಿದುಕೊಂಡರು. ಆ ಜಾಣತನ ಬಾಲಗಂಧರ್ವರಿಗೆ ಇರಲಿಲ್ಲ.

ಇಲ್ಲವೆಂದರೆ ಅವಕಾಶವೇ ಬರಲಿಲ್ಲ ಎಂದಲ್ಲ. ಪುಣೆಯ ಪ್ರಭಾತ್ ಕಂಪನಿಯ ವಿ. ಶಾಂತಾರಾಮ್ ಬಾಲಗಂಧರ್ವರನ್ನು ಕರೆದು ಸಂತ ಏಕನಾಥನ ಪಾತ್ರ ಕೊಟ್ಟರು. ಚಿತ್ರಕ್ಕೆ 'ಮಹಾತ್ಮಾ' ಎಂದು ಹೆಸರಿಟ್ಟಿದ್ದರು. ಗಾಂಧೀಜಿಯ ನೆನಪಾಗುತ್ತದೆಂದು ಸೆನ್ಸಾರಿನವರು ತಕರಾರು ತೆಗೆದದ್ದರಿಂದ 1935ರಲ್ಲಿ ಅದು 'ಧರ್ಮಾತ್ಮಾ' ಆಗಿ ತೆರೆಕಂಡಿತು. ಒಂದೇ ಚಿತ್ರ, ಪ್ರಭಾತ್ ಜೊತೆಗಿನ ನಂಟು ಅಲ್ಲಿಗೇ ಮುಗಿಯಿತು. ಎದುರಿಗೆ ಜನರಿಲ್ಲದೆ, 'ಒನ್ಸ್ ಮೋರ್' ಕೂಗುವವರಿಲ್ಲದೆ, ಯಂತ್ರದ ಮುಂದೆ ತುಂಡು ತುಂಡಾಗಿ ಹಾಡುವುದು ಅವರ ಜೀವಕ್ಕೆ ಒಗ್ಗಲಿಲ್ಲ. ದುಡ್ಡಿನ ದಾರಿಯನ್ನು ಬಿಟ್ಟು ಮುಳುಗುತ್ತಿದ್ದ ನಾಟಕಕ್ಕೇ ಮರಳಿದರು.

ಈಗ ಗೋಹರ್‌ಬಾಯಿ ಕಂಪನಿಗೆ ಬಂದದ್ದು ಯಾವಾಗ? 1938ರ ಸುಮಾರಿಗೆ. ಮೊದಲ ಸಾಲವಾಗಿ ಹದಿನೇಳು ವರ್ಷ ಕಳೆದಿತ್ತು, ಟಾಕಿ ಬಂದು ಏಳು ವರ್ಷ, ಪ್ರಭಾತ್ ಬಿಟ್ಟೇ ಎರಡು ಮೂರು ವರ್ಷವಾಗಿತ್ತು. ಬಾಲಗಂಧರ್ವರಿಗೆ ಆಗ ವಯಸ್ಸು ಐವತ್ತು. ಮುಳುಗಿದ ಹಡಗಿಗೆ ಹತ್ತಿದವಳನ್ನೇ ಹಡಗಿಗೆ ತೂತು ಕೊರೆದವಳೆಂದು ಹಿಡಿದರೆ ಅದು ಎಂಥ ನ್ಯಾಯ?

ಗೋಹರ್ ಯಾರು ಎಂಬುದನ್ನೂ ಹೇಳಬೇಕು. ಆಕೆ ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವಳು. ಹಾಡು, ನಾಟಕ ಎರಡೂ ಮನೆಯಲ್ಲೇ ಇತ್ತು. ತಂಗಿ ಅಮೀರ್‌ಬಾಯಿ ಕರ್ನಾಟಕಿ ಮುಂದೆ ಹಿಂದಿ ಸಿನಿಮಾದ ದೊಡ್ಡ ಗಾಯಕಿಯಾದಳು. 1943ರ 'ಕಿಸ್ಮತ್' ಚಿತ್ರದ ಹಾಡುಗಳಲ್ಲಿ ಕೇಳುವುದು ಅವಳದೇ ಧ್ವನಿ. ಬಿಜಾಪುರದಲ್ಲಿ 'ಅಮೀರ್ ಟಾಕೀಸ್' ಕಟ್ಟಿಸಿದವಳೂ ಅವಳೇ. ರಹಮತ್ ತರೀಕೆರೆಯವರು ಅವಳ ಬದುಕನ್ನು ಹುಡುಕಿಕೊಂಡು ಹೋಗಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಕ್ಕನಿಗೆ ಅಷ್ಟು ಋಣ ಸಂದಿಲ್ಲ. ಬಾಲಗಂಧರ್ವರ ಕಂಪನಿ ಸೇರುವ ಮೊದಲೇ ಅವಳು ಅವರ ಹಾಡುಗಾರಿಕೆಯ ಧಾಟಿಯನ್ನು ಮೈಗೂಡಿಸಿಕೊಂಡಿದ್ದವಳು. ಮುಂಬೈಯಲ್ಲಿ ಸಿನಿಮಾ, ಗ್ರಾಮಫೋನ್ ಎಂದು ತನ್ನದೇ ಸಂಪಾದನೆ ಇದ್ದವಳು. ಅದನ್ನು ಬಿಟ್ಟು, ಪಾಳು ಬೀಳುತ್ತಿದ್ದ ಕಂಪನಿಗೆ ಬಂದಳು. ಹಣಕ್ಕಾಗಿ ಬಂದಳು ಎನ್ನುವವರು ಆ ಹೊತ್ತಿಗೆ ಆ ಕಂಪನಿಯಲ್ಲಿ ಹಣ ಎಲ್ಲಿತ್ತು ಎಂದೂ ಹೇಳಬೇಕಲ್ಲ.

ಆದರೆ ಗೋಹರಳ ಪರ ಮಾತಾಡುವ ಭರದಲ್ಲಿ ಇನ್ನೊಬ್ಬ ಹೆಂಗಸನ್ನು ಮರೆಯಲಾಗದು. ಬಾಲಗಂಧರ್ವರ ಹೆಂಡತಿ ಲಕ್ಷ್ಮೀಬಾಯಿ ಆಗಿನ್ನೂ ಬದುಕಿದ್ದರು. 1940ರಲ್ಲಿ ತೀರಿಕೊಂಡರು. ಕೊನೆಯ ಆ ವರ್ಷಗಳಲ್ಲಿ ಅವರಿಗಾದ ನೋವನ್ನು ಯಾರೂ ಅಲ್ಲಗಳೆಯಲಾರರು. ಮನೆಯವರಿಗೆ, ಕಂಪನಿಯ ಹಳೆಯ ನಟರಿಗೆ ಗೋಹರ್ ಬಂದದ್ದು ಹಿಡಿಸಲಿಲ್ಲ. ಕೆಲವರು ಬಿಟ್ಟೂ ಹೋದರು. ಈ ದೂರುಗಳನ್ನು ಗಾಳಿಮಾತು ಎಂದು ತಳ್ಳಿಹಾಕುವುದಿಲ್ಲ. ಬಾಲಗಂಧರ್ವರು ಸಂಸಾರಸ್ಥನಾಗಿ ತಪ್ಪು ಮಾಡಿದರು ಎಂದು ನೀವು ಹೇಳಿದರೆ ನಾನು ವಾದಕ್ಕೆ ಬರುವುದಿಲ್ಲ. ನನ್ನ ತಕರಾರು ಬೇರೆ. ತಪ್ಪು ಗಂಡಸಿನದಾದರೆ ಅವನ ಹೆಸರಿಗೆ ಬರೆಯಿರಿ. 'ಪಾಪ ಭೋಳೇ ಸ್ವಭಾವದ ಮನುಷ್ಯ, ಅವಳು ಬಲೆಗೆ ಹಾಕಿಕೊಂಡಳು' ಎಂದು ಐವತ್ತು ವರ್ಷದ, ಮೂವತ್ತು ವರ್ಷ ಕಂಪನಿ ಬದುಕು ಕಂಡ ಗಂಡಸನ್ನು ಎಳೆಗೂಸು ಮಾಡಬೇಡಿ. ಅದು ಗೋಹರಳಿಗೂ ಅವಮಾನ, ಅವರಿಗೂ ಅವಮಾನ.

ಜಾತಿ ಕೆಡಿಸಿದಳು ಎಂಬ ಮಾತಿಗೆ ಬರುತ್ತೇನೆ. ಅವರಿಬ್ಬರೂ ಮದುವೆಯಾದದ್ದು 1951ರಲ್ಲಿ. ಆಕೆ ಮುಸ್ಲಿಂ, ಅವರು ಬ್ರಾಹ್ಮಣರು. ಅವರು ಮತಾಂತರವಾದರು ಎಂಬುದೂ ಸೇರಿ, ಅಲ್ಲಿಂದ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ತಿರಕ್ವಾ ಖಾನ್ ಸಾಹೇಬರು ಬಾಲಗಂಧರ್ವರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ತಬಲಾ ನುಡಿಸಿದರು. ಕಾದರ್ ಬಕ್ಷ್ ಸಾರಂಗಿಯ ಎಳೆಯಿಲ್ಲದೆ ಆ ಹಾಡುಗಳು ಇಂದು ನಾವು ಕೇಳುವ ಹಾಗೆ ಇರುತ್ತಲೇ ಇರಲಿಲ್ಲ. ಆಗ ಯಾರ ಜಾತಿಯೂ ಕೆಡಲಿಲ್ಲ. ಒಬ್ಬ ಹೆಂಗಸು ಬಂದು ಸರಿಸಮನಾಗಿ ಕೂತಾಗ ಮಾತ್ರ ಪುಣೆಯಿಂದ ಹುಬ್ಬಳ್ಳಿಯವರೆಗೆ ಎಲ್ಲರಿಗೂ ಧರ್ಮ ನೆನಪಾಯಿತು. ಆ ವೇಳೆಗೆ ಅವರ ಸಂಜೆಗಳಲ್ಲಿ ನಾಟ್ಯಪದಗಳ ಜೊತೆಗೆ ಅಭಂಗ, ಭಜನೆಗಳೇ ಹೆಚ್ಚಾಗಿದ್ದವು. ಆ ಭಕ್ತಿಪದಗಳನ್ನು ಕೇಳಿ ಕಣ್ಣೊರೆಸಿಕೊಂಡು ಹೊರಗೆ ಬಂದವರೇ ಮತಾಂತರದ ಕಥೆ ಹೇಳುತ್ತಿದ್ದರೇನೋ, ಯಾರಿಗೆ ಗೊತ್ತು.

ಐವತ್ತರ ದಶಕದಲ್ಲಿ ಬಾಲಗಂಧರ್ವರ ಕಾಲುಗಳ ಬಲ ಹೋಯಿತು. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. ಸಾವಿರಾರು ಜನ ಕೈಮುಗಿಯುತ್ತಿದ್ದ ಮನುಷ್ಯನ ಮುಂಬೈಯ ಮಾಹೀಮಿನ ಮನೆಯಲ್ಲಿ ಆ ಚಾಕರಿ ಮಾಡಿದವಳು ಗೋಹರ್. 1964ರಲ್ಲಿ ಆಕೆಯೇ ಮೊದಲು ಹೋದಳು. ಅದೇ ವರ್ಷ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಅವರು ತೀರಿಕೊಂಡದ್ದು 1967ರ ಜುಲೈ 15ರಂದು.

ಇನ್ನು ಮನೆಯಲ್ಲೂ ಹೆಂಗಸಿನ ಹಾಗೇ ಇರುತ್ತಿದ್ದರು ಎಂಬ ನಗೆಮಾತು. ಅವರು ಹೆಂಡತಿ ಮಕ್ಕಳಿದ್ದ ಸಂಸಾರಿ. ವೇಷ ಕಳಚಿದ ಮೇಲಿನ ಫೋಟೋಗಳಲ್ಲಿ ಕಾಣುವುದು ಧೋತರ, ಕೋಟು, ತಲೆಗೆ ಟೋಪಿ ತೊಟ್ಟ ಆ ಕಾಲದ ಸಾಮಾನ್ಯ ಮಧ್ಯಮವರ್ಗದ ಗಂಡಸು. ಮಾತು ಮೆತ್ತಗಿತ್ತು ನಿಜ. ಎದುರಿಗೆ ಯಾರು ಬಂದರೂ 'ದೇವಾ' ಎಂದೇ ಕರೆಯುತ್ತಿದ್ದರು. ಪ್ರೇಕ್ಷಕರನ್ನು 'ಅನ್ನದಾತೇ, ಮಾಯಬಾಪ' ಎನ್ನುತ್ತಿದ್ದರು. ಮೆತ್ತಗೆ ಮಾತಾಡುವ ಗಂಡಸನ್ನು ಕಂಡರೆ ನಗು ಬರುವುದು ನಮ್ಮ ಸಮಾಜದ ಹಳೆಯ ಕಾಯಿಲೆ. ನಿಮ್ಮ ಜಿಲ್ಲೆಯಲ್ಲೇ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಗಂಡಸರು ಸೀರೆ ಉಟ್ಟು, ಕಂಡವರನ್ನೆಲ್ಲ ಬೈಯುತ್ತ ಗೋಣಿಕೊಪ್ಪದ ಬೀದಿಯಲ್ಲಿ ಕುಣಿಯುತ್ತಾರೆ. ಮರುದಿನ ತೋಟದ ಕೆಲಸಕ್ಕೆ ಹೋದ ಅವರನ್ನು 'ನೀನು ಗಂಡೋ ಹೆಣ್ಣೋ' ಎಂದು ಯಾರೂ ಕೇಳುವುದಿಲ್ಲ. ವೇಷ ವೇಷವೇ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಕುಂಡೆ ಹಬ್ಬದ್ದು ಗೇಲಿ, ಬಾಲಗಂಧರ್ವರದ್ದು ಅದರ ತದ್ವಿರುದ್ಧ. 'ಮಾನಾಪಮಾನ'ದ ಭಾಮಿನಿ, 'ಸ್ವಯಂವರ'ದ ರುಕ್ಮಿಣಿ ಎಂಬ ಅವರ ಪಾತ್ರಗಳನ್ನು ನೋಡಿ ಮನೆಗೆ ಹೋದ ಹೆಂಗಸರು ಸೀರೆಯ ನೆರಿಗೆ ಹಿಡಿಯುವುದನ್ನು, ತುರುಬಿಗೆ ಹೂವು ಮುಡಿಯುವುದನ್ನು ಅವರಿಂದ ಕಲಿತರು. ಹೆಣ್ಣಿನ ಘನತೆ ಹೇಗಿರಬೇಕೆಂದು ಹೆಣ್ಣುಮಕ್ಕಳೇ ಒಬ್ಬ ಗಂಡಸನ್ನು ನೋಡಿ ಒಪ್ಪಿಕೊಂಡರು. ನಗುವವರು ಇದನ್ನು ಸ್ವಲ್ಪ ಯೋಚಿಸಲಿ.

ಹಾಗಾದರೆ ಮಾತಾಡಬೇಕಾದದ್ದು ಯಾವುದನ್ನು? ನನ್ನನ್ನು ಕೇಳಿದರೆ ಮೂರು ಸಂಗತಿಗಳನ್ನು.

1911ರ ಮಾರ್ಚ್ 12. ನಾಟಕಕಾರ ಖಾಡಿಲ್ಕರರ 'ಮಾನಾಪಮಾನ'ದ ಮೊದಲ ಪ್ರಯೋಗ. ಟೆಂಬೆಯವರ ಸಂಗೀತ. ಟಿಕೆಟ್ ಮಾರಾಟವಾಗಿ ಜನ ತುಂಬಿದ್ದಾರೆ. ಅದೇ ದಿನ ಬಾಲಗಂಧರ್ವರ ಪುಟ್ಟ ಮಗಳು ತೀರಿಕೊಂಡಳು. ನಾಟಕ ಮುಂದೂಡೋಣವೆಂದು ಹತ್ತಿರದವರು ಹೇಳಿದರೂ ಅವರು ಬಣ್ಣ ಹಚ್ಚಿದರು. ಭಾಮಿನಿಯಾಗಿ ನಕ್ಕರು, ಮುನಿದರು, ಹಾಡಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಈ ಪ್ರಸಂಗವನ್ನು ಕಲಾನಿಷ್ಠೆ ಎಂದು ಹೊಗಳುವುದು ವಾಡಿಕೆ. ನನಗೆ ಹೊಗಳಲು ಮನಸ್ಸು ಬರುವುದಿಲ್ಲ, ಮೈ ಜುಂ ಎನ್ನುತ್ತದೆ. ಮನೆಯಲ್ಲಿ ಉಳಿದ ಆ ತಾಯಿಯ ನೆನಪೂ ಬರುತ್ತದೆ.

ಎರಡನೆಯದು 1921ರ ಜುಲೈ 8. ತಿಲಕ್ ಸ್ವರಾಜ್ಯ ನಿಧಿಗಾಗಿ ಮುಂಬೈಯಲ್ಲಿ 'ಸಂಯುಕ್ತ ಮಾನಾಪಮಾನ' ನಡೆಯಿತು. ಭಾಮಿನಿಯಾಗಿ ಬಾಲಗಂಧರ್ವ. ಎದುರಿಗೆ ಧೈರ್ಯಧರನಾಗಿ ಕೇಶವರಾವ್ ಭೋಸಲೆ. ಭೋಸಲೆಯವರ ಲಲಿತಕಲಾದರ್ಶ ಮಂಡಳಿ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಇಬ್ಬರೂ ಒಬ್ಬರಿಗೊಬ್ಬರು ಪೈಪೋಟಿಯ ಮಾಲೀಕರು. ಇವರ ಜನ ಅವರ ನಾಟಕಕ್ಕೆ ಹೋಗದಂಥ ಕಾಲ. ಅಂಥವರು ಒಂದೇ ರಂಗದ ಮೇಲೆ ನಿಂತು ಹಾಡಿದರು. ಹಣವೆಲ್ಲ ನಿಧಿಗೆ ಹೋಯಿತು. ಗಮನಿಸಿ, ಇದು ಸ್ವಂತ ಸಾಲ ಲಕ್ಷ ದಾಟಿದ ಅದೇ ವರ್ಷ.

ಮೂರನೆಯದು ಅವರ ಸಿಂಧು. ರಾಮ ಗಣೇಶ ಗಡ್ಕರಿಯವರ 'ಏಕಚ್ ಪ್ಯಾಲಾ' 1919ರದು, ಕುಡಿತದಿಂದ ಹಾಳಾದ ಮನೆಯ ಕಥೆ. ಸುಧಾಕರನ ಹೆಂಡತಿ ಸಿಂಧು ಕೂಲಿಗೆ ಬೀಸುಕಲ್ಲು ತಿರುವಿ ಮಗುವಿಗೆ ಅನ್ನ ಕಾಣಿಸುವವಳು. ಅಲ್ಲಿಯವರೆಗೆ ಜನ ಬಾಲಗಂಧರ್ವರನ್ನು ರಾಜಕುಮಾರಿಯಾಗಿಯೇ ನೋಡಿದ್ದರು. ಈಗ ತೇಪೆ ಹಾಕಿದ ಸೀರೆ, ಮೈಮೇಲೆ ಒಡವೆಯಿಲ್ಲ. 'ಸ್ವಯಂವರ'ದ ರುಕ್ಮಿಣಿಗೆ ಗುರು ಭಾಸ್ಕರಬುವಾ ಬಖಲೆಯವರು ಕೊಟ್ಟ ರಾಗಗಳ ವೈಭವವೂ ಇಲ್ಲಿಲ್ಲ. ಕಿರಿದಾದ ಸ್ವರದಲ್ಲಿ, ಮಾತು ಎಲ್ಲಿ ಮುಗಿಯಿತು ಹಾಡು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಹಾಡಬೇಕು. ಆ ನಾಟಕ ನೋಡಿ ಬಂದವರು ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದರು. ನಟನೆಂದರೆ ಬರೀ ಹಾಡುಗಾರ ಎಂದು ಮೂಗುಮುರಿಯುತ್ತಿದ್ದವರೂ ಸಿಂಧುವಿನ ಮುಂದೆ ಬಾಯಿ ಮುಚ್ಚಿಕೊಂಡರು.

ಅವರ ಬಗ್ಗೆ ಟೀಕೆಯೇ ಇಲ್ಲವೆಂದು ತಿಳಿಯಬೇಡಿ. 'ಒನ್ಸ್ ಮೋರ್'ಗೆ ಮರುಳಾಗಿ ಒಂದೇ ಪದವನ್ನು ಮೂರು ನಾಲ್ಕು ಸಲ ಹಾಡಿ, ನಾಟಕವನ್ನು ಬೆಳಗಿನ ಜಾವದವರೆಗೆ ಎಳೆದು, ಕಥೆಯ ಕತ್ತು ಹಿಸುಕುತ್ತಿದ್ದರು. ಮೈ ದಪ್ಪಗಾದ ಮೇಲೂ ಷೋಡಶಿಯ ಪಾತ್ರ ಬಿಡಲಿಲ್ಲ. ಐವತ್ತರ ಅಂಚಿನಲ್ಲಿ, 1937ರಲ್ಲಿ, ಸಿನಿಮಾದಲ್ಲಿ ಮೀರಾಬಾಯಿಯಾಗಿ ಕಾಣಿಸಿಕೊಂಡದ್ದು ಮಾಡಬಾರದಿದ್ದ ಕೆಲಸ. ಕ್ಯಾಮೆರಾ ರಂಗದ ದೀಪದ ಹಾಗೆ ದಾಕ್ಷಿಣ್ಯ ತೋರುವುದಿಲ್ಲ. ಹಣದ ವಿಷಯದಲ್ಲಿ ಅವರು ಬೇಜವಾಬ್ದಾರರು, ನಂಬಿದ ಎಷ್ಟೋ ನಟರ ಹೊಟ್ಟೆಯ ಮೇಲೆ ಅದರ ಬರೆ ಬಿತ್ತು. ಇವು ಟೀಕೆಗಳು. ಇವಕ್ಕೆ ಸಾಕ್ಷಿಯಿದೆ, ಇವುಗಳಿಂದ ಕಲಿಯುವುದಿದೆ. ಮದುವೆಮನೆಯಲ್ಲಿ ಹೇಳಿದರೆ ಇವು ಅಷ್ಟು ರುಚಿಸುವುದಿಲ್ಲ, ಅಷ್ಟೇ.

ಬಾಲಗಂಧರ್ವರ ಪರವಾಗಿ ಅತ್ಯುತ್ತಮ ವಾದ ಮಂಡಿಸಿದವರು ಕೂಡ ಒಬ್ಬ ಕನ್ನಡಿಗರೇ. ಬೆಳಗಾವಿ ಬಳಿಯ ಸುಳೇಭಾವಿಯ ಶಿವಪುತ್ರ ಕೋಂಕಾಳಿಮಠ, ಅಂದರೆ ಕುಮಾರ ಗಂಧರ್ವರು. 1965ರಲ್ಲಿ, ಬಾಲಗಂಧರ್ವರು ಬದುಕಿದ್ದಾಗಲೇ, 'ಮಲಾ ಉಮಜಲೇಲೇ ಬಾಲಗಂಧರ್ವ' ಎಂಬ ಕಛೇರಿ ಮಾಡಿದರು. ತಮಗೆ ತಿಳಿದ ಬಾಲಗಂಧರ್ವರನ್ನು ತಮ್ಮದೇ ದನಿಯಲ್ಲಿ ಹಾಡಿ ತೋರಿಸಿದರು. ಅನುಕರಣೆ ಇಲ್ಲ, ಆರತಿ ಎತ್ತುವುದೂ ಇಲ್ಲ. ಒಂದೊಂದು ಪದದಲ್ಲಿ ಆ ಮನುಷ್ಯ ಸ್ವರವನ್ನು ಎಲ್ಲಿ ನಿಲ್ಲಿಸಿದ, ಶಬ್ದವನ್ನು ಹೇಗೆ ಹಿಡಿದ ಎಂಬ ವಿಚಾರ ಮಾತ್ರ. ಅದರ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಮರಾಠಿ ಬಾರದಿದ್ದರೂ ತೊಂದರೆಯಿಲ್ಲ. ಮೊದಲು ಬಾಲಗಂಧರ್ವರ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಹಾಡು ಕೇಳಿ. ಮೂರು ನಿಮಿಷ, ಗರಗರ ಸದ್ದು, ಅದರ ಆಚೆಗೆ ಆ ಕೊರಳು. ಆಮೇಲೆ ಅದೇ ಹಾಡನ್ನು ಕುಮಾರರಲ್ಲಿ ಕೇಳಿ. ಮದುವೆಮನೆಯ ಆ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರನ್ನು ಸೋಲಿಸಲೆಂದಲ್ಲ. ಅವರು ಚಿಕ್ಕಂದಿನಲ್ಲಿ ಯಾರಿಂದಲೋ ಕೇಳಿದ್ದನ್ನೇ ನಿಮಗೆ ಹೇಳಿದ್ದಾರೆ.

ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರವಿದೆ. 1962ರಲ್ಲಿ ಅವರ ಕೈಯಿಂದಲೇ ಅಡಿಗಲ್ಲು ಹಾಕಿಸಿ, 1968ರ ಜೂನ್ 26ರಂದು, ಅವರ ಜನ್ಮದಿನದಂದು, ತೆರೆದರು. ಅವರ ಹೆಸರಿಗೆ ಆ ಊರು ಮಾಡಬೇಕಾದದ್ದನ್ನು ಮಾಡಿದೆ. ನಮ್ಮ ಪಾಲಿನದು ಗೋಹರ್. ಬೀಳಗಿ, ಬಾಗಲಕೋಟೆ, ಬಿಜಾಪುರ ಕಡೆಯ ಓದುಗರ ಮನೆಯ ಅಟ್ಟದಲ್ಲಿ ಗೋಹರ್‌ಬಾಯಿ ಹಾಡಿದ ತಟ್ಟೆಗಳೋ, ಆಕೆ ಆಡಿದ ನಾಟಕಗಳ ಹ್ಯಾಂಡ್‌ಬಿಲ್ಲುಗಳೋ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಮಗೊಂದು ಸಾಲು ಬರೆದು ತಿಳಿಸಿ.